ಲ್ಯಾಬ್ ವರದಿ ಸರಿಯಿದೆ, ತೋಡಿನಲ್ಲಿ ಮೀನು ಸಾಯುತ್ತಿವೆ: ಯಾವುದನ್ನು ನಂಬುವುದು?

ಪ್ರಶ್ನೆ: ಕೊಡಗಿನಲ್ಲಿ ನಮ್ಮ ಗದ್ದೆ ಪಕ್ಕದ ತೋಡು ಪ್ರತಿ ಜನವರಿಯಲ್ಲಿ ಕಪ್ಪಾಗಿ ನಾರುತ್ತದೆ. ಮೀನು, ಏಡಿ ಸತ್ತು ಬೀಳುತ್ತವೆ. ನೀರನ್ನು ಬಾಟಲಿಗೆ ತುಂಬಿ ಮೈಸೂರಿನ ಲ್ಯಾಬಿಗೆ ಕೊಟ್ಟರೆ ‘ಎಲ್ಲ ಮಿತಿಯೊಳಗಿದೆ’ ಎಂದು ವರದಿ ಬರುತ್ತದೆ. ತಪ್ಪಾಗಿರುವುದು ಎಲ್ಲಿ?

ಉತ್ತರ: ಲ್ಯಾಬ್ ಸುಳ್ಳು ಹೇಳಿರಲಿಕ್ಕಿಲ್ಲ. ನೀವು ಕೇಳಿದ ಪ್ರಶ್ನೆಯೇ ಬೇರೆಯಾಗಿರಬೇಕು. ವರದಿಯನ್ನು ಇನ್ನೊಮ್ಮೆ ತೆಗೆದು ನೋಡಿ. ಗಡಸುತನ, ಕ್ಲೋರೈಡ್, ನೈಟ್ರೇಟ್, ಫ್ಲೋರೈಡ್, ಕೋಲಿಫಾರ್ಮ್ ಇವಿಷ್ಟೇ ಇದ್ದರೆ ಅದು ಕುಡಿಯುವ ನೀರಿನ ಪರೀಕ್ಷೆ. ಜನವರಿಯಲ್ಲಿ ಮೀನು ಸಾಯುವುದು ಹೆಚ್ಚಾಗಿ ಉಸಿರುಗಟ್ಟಿ. ನೀರಿನಲ್ಲಿ ಕರಗಿದ ಆಮ್ಲಜನಕ ಎಷ್ಟು, ಆ ನೀರು ಇನ್ನೆಷ್ಟು ಆಮ್ಲಜನಕವನ್ನು ತಿಂದುಹಾಕುತ್ತದೆ (ಬಿಒಡಿ) ಎಂಬ ಎರಡು ಸಾಲು ವರದಿಯಲ್ಲಿ ಇಲ್ಲದಿದ್ದರೆ ಅದು ಈ ಕೆಲಸಕ್ಕೆ ಬಾರದು.

ಕೊಡಗಿನಲ್ಲಿ ಈ ಕಾಲಕ್ಕೆ ಮೊದಲು ಅನುಮಾನಿಸಬೇಕಾದದ್ದು ಪಲ್ಪಿಂಗ್ ನೀರನ್ನು, ಅಂದರೆ ಪಲ್ಪರ್ ಯಂತ್ರದಲ್ಲಿ ಕಾಫಿ ಹಣ್ಣಿನ ಸಿಪ್ಪೆ ಸುಲಿದು ತೊಳೆದ ನೀರನ್ನು. ಕಾಫಿ ಹಣ್ಣಿನ ಸಿಪ್ಪೆ, ಲೋಳೆಯಲ್ಲಿರುವ ಸಕ್ಕರೆ ಮತ್ತು ಪೆಕ್ಟಿನ್ ಬೇಗ ಹುಳಿಯುತ್ತವೆ. ನೀರಿನ ಪಿಎಚ್ 4ರ ಆಸುಪಾಸಿಗೆ ಇಳಿಯುತ್ತದೆ, ಬಿಒಡಿ ಲೀಟರಿಗೆ ಸಾವಿರಾರು ಮಿ.ಗ್ರಾಂ ಮುಟ್ಟುತ್ತದೆ. ಹೊಳೆ, ತೋಡಿಗೆ ಬಿಡುವ ನೀರಿಗೆ ಕಾನೂನಿನ ಮಿತಿ 30 ಮಿ.ಗ್ರಾಂ. ಲೆಕ್ಕ ಹಾಕಿ: ಬಿಒಡಿ 3,000 ಇರುವ 1,000 ಲೀಟರ್ ನೀರಿಗೆ 3 ಕೆ.ಜಿ. ಆಮ್ಲಜನಕ ಬೇಕು. ಲೀಟರಿಗೆ 8 ಮಿ.ಗ್ರಾಂ ಇರುವ ಒಳ್ಳೆಯ ತೋಡಿನಲ್ಲಿ ಅದು 3.75 ಲಕ್ಷ ಲೀಟರ್ ನೀರಿನಲ್ಲಿರುವ ಅಷ್ಟೂ ಆಮ್ಲಜನಕ. ಜುಲೈಯಲ್ಲಾದರೆ ತೋಡು ಇದನ್ನು ತಾಳಿಕೊಂಡೀತು. ಮಳೆ ನಿಂತು ಎರಡು ತಿಂಗಳಾದ ಮೇಲೆ, ಹೂವಿಗಾಗಿ ಸ್ಪ್ರಿಂಕ್ಲರ್ ಪಂಪುಗಳು ನೀರೆಳೆಯುವ ಹೊತ್ತಿಗೆ, ಅದು ಆಗದ ಮಾತು. ಆಮ್ಲಜನಕ ಮುಗಿದ ಮೇಲೆ ಬೇರೆ ಬಗೆಯ ಬ್ಯಾಕ್ಟೀರಿಯಾಗಳ ಕೈ ಮೇಲಾಗುತ್ತದೆ. ಕೊಳೆತ ಮೊಟ್ಟೆಯ ವಾಸನೆ ಅವು ಬಿಡುವ ಹೈಡ್ರೋಜನ್ ಸಲ್ಫೈಡಿನದು. ಅದೇ ಮಣ್ಣಿನ ಕಬ್ಬಿಣದ ಜೊತೆ ಸೇರಿ ತಳದ ಕೆಸರನ್ನು ಕಪ್ಪಾಗಿಸುತ್ತದೆ.

ಇನ್ನು ಹೊತ್ತಿನ ವಿಚಾರ. ಹಗಲು ಕೊಯ್ದ ಹಣ್ಣನ್ನು ಸಾಮಾನ್ಯವಾಗಿ ಅಂದೇ ಸಂಜೆ ಪಲ್ಪರ್‌ಗೆ ಹಾಕುತ್ತಾರೆ. ತಡವಾದರೆ ಹಣ್ಣು ಹುಳಿತು ಕಾಫಿಯ ರುಚಿ ಕೆಡುತ್ತದೆ. ಕೆಟ್ಟ ನೀರು ತೋಡಿಗೆ ಇಳಿಯುವುದು ರಾತ್ರಿ. ಪಾಚಿ, ಗಿಡಗಳು ಆಮ್ಲಜನಕ ಕೊಡದ ಹೊತ್ತೂ ಅದೇ, ಹಾಗಾಗಿ ಬೆಳಕು ಹರಿಯುವ ಮುನ್ನ ಆಮ್ಲಜನಕ ತಳ ಮುಟ್ಟಿರುತ್ತದೆ. ನೀವು ತಿಂಡಿ ತಿಂದು ಹನ್ನೊಂದು ಗಂಟೆಗೆ ಬಾಟಲಿ ಹಿಡಿದು ಹೋಗುವಷ್ಟರಲ್ಲಿ ಆ ನೀರು ಕೆಳಗಿನ ಊರು ದಾಟಿರುತ್ತದೆ. ಬಿಒಡಿಗೆಂದೇ ತೆಗೆದ ಬಾಟಲಿಯನ್ನು ಐಸ್ ಇಲ್ಲದೆ ಬಸ್ಸಿನಲ್ಲಿ ಕಳಿಸಿದರೆ ದಾರಿಯಲ್ಲೇ ಬ್ಯಾಕ್ಟೀರಿಯಾಗಳು ಸಕ್ಕರೆ ಮುಗಿಸಿ, ಲ್ಯಾಬಿಗೆ ಒಳ್ಳೆಯ ಅಂಕಿ ಸಿಗುತ್ತದೆ. 4 ಡಿಗ್ರಿಯ ತಂಪಿನಲ್ಲಿ, ಕತ್ತಲಲ್ಲಿಟ್ಟು, ಸಾಧ್ಯವಾದರೆ 6 ಗಂಟೆಯೊಳಗೆ ತಲುಪಿಸಿ. 24 ಗಂಟೆ ಮೀರಿದರೆ ಕಳಿಸುವುದೇ ದಂಡ.

ಕರಗಿದ ಆಮ್ಲಜನಕವನ್ನಂತೂ ತೋಡಿನ ದಂಡೆಯಲ್ಲೇ ಹಿಡಿಯಬೇಕು. 300 ಮಿ.ಲೀ. ಬಿಒಡಿ ಬಾಟಲಿಯನ್ನು ನೀರೊಳಗೆ ಓರೆಯಾಗಿ ಮುಳುಗಿಸಿ, ಒಂದು ಗುಳ್ಳೆಯೂ ಉಳಿಯದಂತೆ ತುಂಬಿ. ಮ್ಯಾಂಗನಸ್ ಸಲ್ಫೇಟ್ 2 ಮಿ.ಲೀ., ಆಲ್ಕಲೈ ಅಯೋಡೈಡ್ ಅಝೈಡ್ 2 ಮಿ.ಲೀ. ಹಾಕಿ, ಮುಚ್ಚಿ, ತಲೆಕೆಳಗು ಮಾಡಿ ಬೆರೆಸಿ. ಕಂದು ಗಸಿ ಬಂದರೆ ಆಮ್ಲಜನಕ ಇದೆ. ಅಚ್ಚ ಬಿಳಿ ಗಸಿ ಬಂದರೆ ಇಲ್ಲವೇ ಇಲ್ಲ, ಮುಂದಿನ ಲೆಕ್ಕವೂ ಬೇಡ. ಗಸಿ ಇಳಿದ ಮೇಲೆ 2 ಮಿ.ಲೀ. ಗಟ್ಟಿ ಗಂಧಕಾಮ್ಲ ಹಾಕಿ ಕರಗಿಸಿ, ಕತ್ತಲಲ್ಲಿಟ್ಟು 8 ಗಂಟೆಯೊಳಗೆ ಟೈಟ್ರೇಟ್ ಮಾಡಬೇಕು, ಅಂದರೆ ಬಣ್ಣ ಹೋಗುವವರೆಗೆ ಥಯೋಸಲ್ಫೇಟನ್ನು ತೊಟ್ಟು ತೊಟ್ಟಾಗಿ ಅಳೆದು ಹಾಕಬೇಕು. 203 ಮಿ.ಲೀ. ದ್ರಾವಣಕ್ಕೆ 0.025 ನಾರ್ಮಲ್ ಥಯೋಸಲ್ಫೇಟ್ ಎಷ್ಟು ಮಿ.ಲೀ. ಹಿಡಿಯಿತೋ, ಲೀಟರಿಗೆ ಅಷ್ಟು ಮಿ.ಗ್ರಾಂ ಆಮ್ಲಜನಕ. ಆಮ್ಲ ಚರ್ಮ ಸುಡುತ್ತದೆ, ಅಝೈಡ್ ವಿಷ. ಹತ್ತಿರದ ಕಾಲೇಜಿನ ಕೆಮಿಸ್ಟ್ರಿ ಮೇಷ್ಟ್ರನ್ನು ಜೊತೆಗೆ ಸೇರಿಸಿಕೊಳ್ಳಿ. ಉಳಿದ ದ್ರಾವಣವನ್ನು ತೋಡಿಗೆ ಚೆಲ್ಲಬೇಡಿ. ಸಮುದ್ರಮಟ್ಟದಿಂದ ಸಾವಿರ ಮೀಟರ್ ಎತ್ತರದಲ್ಲಿ, 20 ಡಿಗ್ರಿ ನೀರಿನಲ್ಲಿ ಸಹಜವಾಗಿ ಕರಗುವುದೇ ಸುಮಾರು 8 ಮಿ.ಗ್ರಾಂ. ಮುಂಜಾನೆಯ ನೀರಿಗೆ 10 ಬಂದರೆ ಹಿಗ್ಗಬೇಡಿ, ಬಾಟಲಿಯಲ್ಲಿ ಗುಳ್ಳೆ ಉಳಿದಿತ್ತು ಎಂದರ್ಥ. ಮೀನು ಬದುಕಲು ಕನಿಷ್ಠ 4 ಇರಬೇಕೆಂಬುದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಅಳತೆ.

ಇಷ್ಟೆಲ್ಲ ಮಾಡಿದರೂ ಅದು ಒಂದು ಗಳಿಗೆಯ ನೀರು. ರಾತ್ರಿಯೆಲ್ಲ ಅಲ್ಲೇ ಇದ್ದು ಎಲ್ಲವನ್ನೂ ಅನುಭವಿಸಿದವು ಕಲ್ಲಿನಡಿಯ ಹುಳುಗಳು. ವಾರಗಟ್ಟಲೆ, ಕೆಲವು ತಿಂಗಳುಗಟ್ಟಲೆ ಒಂದೇ ಕಡೆ ಬೆಳೆಯುವ ಇವು ತಪ್ಪಿಸಿಕೊಂಡು ಓಡಲಾರವು.

ಅರ್ಧ ಮಿ.ಮೀ. ಕಣ್ಣಿನ, 30 ಸೆಂ.ಮೀ. ಬಾಯಿಯ ಬಲೆ ಸಾಕು. ಕಲ್ಲುಗಳ ಮೇಲೆ ನೀರು ಜುಳುಜುಳು ಹರಿಯುವ ಜಾಗದಲ್ಲಿ ಬಲೆಯ ಬಾಯಿಯನ್ನು ಹರಿವಿಗೆ ಎದುರಾಗಿ ತಳಕ್ಕೊತ್ತಿ, ಅದರ ಮುಂದೆ ನಿಂತು ಹಿಮ್ಮಡಿಯಿಂದ ತಳ ಕೆದಕಿ. ಗಡಿಯಾರ ನೋಡಿ ಒಟ್ಟು 3 ನಿಮಿಷ, ನಾಲ್ಕೈದು ಕಡೆ. ಬಲೆಯಲ್ಲಿ ಸಿಕ್ಕಿದ್ದನ್ನು ಎರಡು ಬೆರಳು ನೀರಿರುವ ಬಿಳಿ ಟ್ರೇಗೆ ಕೊಡವಿ ಸುಮ್ಮನೆ ಕಾಯಿರಿ; ಕಸವೆಂದುಕೊಂಡದ್ದು ಹರಿದಾಡಲು ಶುರುವಾಗುತ್ತದೆ. ಎರಡು ಬಾಲ, ಪ್ರತಿ ಕಾಲಿಗೆ ಎರಡು ಉಗುರು ಇರುವುದು ಸ್ಟೋನ್‌ಫ್ಲೈ ಮರಿ. ಅದಿದ್ದರೆ ಆಮ್ಲಜನಕ ತುಂಬಿದ ನೀರು. ಹೊಟ್ಟೆಯ ಎರಡೂ ಬದಿಗೆ ಕಿವಿರಿನ ಎಸಳು, ಹೆಚ್ಚಾಗಿ ಮೂರು ಬಾಲ, ಕಾಲಿಗೆ ಒಂದೇ ಉಗುರು ಇದ್ದರೆ ಮೇಫ್ಲೈ. ಚಪ್ಪಟೆ ಮೈಯ ಮೇಫ್ಲೈ ಶುದ್ಧ ನೀರಿನದು. ಸಣ್ಣ ಮೀನಿನಂತೆ ಚಿಮ್ಮುವ ಬೀಟಿಡೇ ಕುಟುಂಬದವು ಸಾಧಾರಣ ಕೊಳೆಯನ್ನೂ ತಾಳುತ್ತವೆ. ಎಷ್ಟೋ ಸಮೀಕ್ಷೆಗಳು ಎಡವುವುದು ಇಲ್ಲೇ, ಎಲ್ಲ ಮೇಫ್ಲೈಗೂ ಒಂದೇ ಅಂಕ ಕೊಟ್ಟು. ಮರಳು, ಎಲೆ ಚೂರಿನ ಗೂಡು ಹೊತ್ತು ತೆವಳುವುದು ಕ್ಯಾಡಿಸ್‌ಫ್ಲೈ. ಬರೀ ಕೆಂಪು ಎಳೆಹುಳುಗಳು, ಟ್ಯೂಬಿಫೆಕ್ಸ್ ಎಂಬ ಕೆಸರುಹುಳುಗಳು, ಬಾಲದಿಂದ ಉಸಿರೆಳೆಯುವ ಇಲಿಬಾಲದ ಹುಳುಗಳೇ ಸಿಕ್ಕರೆ ತೋಡು ಉಸಿರು ಕಟ್ಟಿದೆ. ನೀರ ಮೇಲೆ ಓಡುವ ಕೀಟ, ಸೊಳ್ಳೆಮರಿಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ. ಅವು ಗಾಳಿಯಿಂದಲೇ ಉಸಿರಾಡುವುದರಿಂದ ನೀರು ಹೇಗಿದ್ದರೂ ನಡೆಯುತ್ತದೆ.

ಕುಟುಂಬಕ್ಕೆ 1ರಿಂದ 10ರವರೆಗೆ ಅಂಕ ಕೊಡುವ ಬಿಎಂಡಬ್ಲ್ಯುಪಿ ಪಟ್ಟಿ ಇದೆ. ಅದು ಹುಟ್ಟಿದ್ದು ಬ್ರಿಟನ್ನಿನ ಹೊಳೆಗಳಿಗಾಗಿ. ಆ ಅಂಕಕ್ಕಿಂತ ಒಂದೇ ತೋಡಿನ ಮೇಲುಭಾಗ, ಕೆಳಭಾಗದ ಹೋಲಿಕೆ ಗಟ್ಟಿ ಸಾಕ್ಷಿ. ಅನುಮಾನದ ಚರಂಡಿ ಸೇರುವ ಜಾಗದ ಮೇಲೊಂದು, ನೀರು ಪೂರ್ತಿ ಬೆರೆತ ಮೇಲೆ ಕೆಳಗೊಂದು, ಇನ್ನೂ ಕೆಳಗೊಂದು ಜಾಗ ಆರಿಸಿ. ಮೂರೂ ಕಡೆ ಒಂದೇ ಗಾತ್ರದ ಕಲ್ಲು, ಒಂದೇ ನೆರಳು ಇರಲಿ. ಮೇಲೆ ಕಲ್ಲು, ಕೆಳಗೆ ಗದ್ದೆಯ ಕೆಸರು ತೆಗೆದುಕೊಂಡರೆ ನೀವು ಅಳೆದದ್ದು ಕೆಸರನ್ನು, ಮಾಲಿನ್ಯವನ್ನಲ್ಲ. ನವೆಂಬರ್ ಮೊದಲಲ್ಲಿ ಪಲ್ಪಿಂಗ್‌ಗೆ ಮುಂಚೆ ಒಮ್ಮೆ, ಜನವರಿಯಲ್ಲಿ ಒಮ್ಮೆ, ಏಪ್ರಿಲಿನಲ್ಲಿ ಒಮ್ಮೆ ಮಾಡಿ. ದೊಡ್ಡ ಮಳೆ ಬಂದ ಮೇಲೆ ಕೆಲವು ವಾರ ಬೇಡ, ಪ್ರವಾಹವೇ ಹುಳುಗಳನ್ನು ತೊಳೆದಿರುತ್ತದೆ.

ಒಂದು ತಿರುವು ಇದೆ. ಮುಂಜಾನೆಯೂ ಆಮ್ಲಜನಕ 7 ಇದ್ದು, ಪಿಎಚ್ ಸರಿಯಿದ್ದು, ಕೆಂಪು ಹುಳುವೂ ಸಿಗದಿದ್ದರೆ ಪಲ್ಪರ್‌ನ ಮೇಲಿನ ಅನುಮಾನ ಬಿಡಿ, ವಿಷವನ್ನು ಹುಡುಕಿ. ತೋಟಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣದ ಮೈಲುತುತ್ತ, ಅಂದರೆ ತಾಮ್ರ, ಗಡಸುತನ ಕಡಿಮೆಯಿರುವ ನೀರಿನಲ್ಲಿ ಬಸವನಹುಳುವಿಗೂ ಮೇಫ್ಲೈಗೂ ಇನ್ನಷ್ಟು ಮಾರಕ. ಸ್ಪ್ರೇ ಡ್ರಮ್ಮನ್ನು ತೋಡಿನಲ್ಲಿ ತೊಳೆದರೂ ಸಾಕು. ಆಗ ನೀರಿನ ಜೊತೆಗೆ ತಳದ ಕೆಸರಿನಲ್ಲೂ ತಾಮ್ರ ಅಳೆಯಲು ಲ್ಯಾಬಿಗೆ ಕೇಳಿ.

ದಂಡೆಯ ಬಂಡೆ ಮೇಲೆ ಏಡಿ ಚಿಪ್ಪಿನ ಚೂರು ತುಂಬಿದ ನೀರುನಾಯಿ ಹಿಕ್ಕೆ ಕಂಡರೆ ದಿನಾಂಕ ಸಮೇತ ಬರೆದಿಡಿ. ಏಡಿ ಹೋದ ತೋಡಿನಲ್ಲಿ ಅದೂ ನಿಲ್ಲುತ್ತದೆ. ಮೀಸಲು ಅರಣ್ಯದೊಳಗೆ ಬಲೆ ಹಾಕಲು ಅರಣ್ಯ ಇಲಾಖೆಯ ಅನುಮತಿ ಬೇಕು. ಮುಂಜಾನೆ ತೋಡಿಗೆ ಇಬ್ಬರಿಗಿಂತ ಕಡಿಮೆ ಹೋಗಬೇಡಿ, ಆನೆ ಗದ್ದೆಯಿಂದ ಹಿಂದಿರುಗುವುದೂ ಅದೇ ಹೊತ್ತಿಗೆ. ಮಾಲಿನ್ಯ ನಿಯಂತ್ರಣ ಮಂಡಳಿಗೆ ದೂರು ಕೊಡುವಾಗ ಮೂರು ಜಾಗದ ಹುಳುಪಟ್ಟಿ, ಟ್ರೇ ಫೋಟೊ, ಬಾಟಲಿ ತುಂಬಿದ ಗಂಟೆ ಒಟ್ಟಿಗೆ ಲಗತ್ತಿಸಿ, ಅವರು ಬಂದು ಮಾದರಿ ತೆಗೆಯಬೇಕಾದ ಹೊತ್ತು ರಾತ್ರಿ ಎಂಟರಿಂದ ಬೆಳಗಿನ ಆರರೊಳಗೆ ಎಂದು ಅದೇ ಅರ್ಜಿಯಲ್ಲಿ ಬರೆಯಿರಿ.