ಟಾಯ್ ತಳಿ ನಾಯಿಗಳ ಕಾಯಿಲೆಗಳು: ಓದುವಾಗ ಬರೆದಿಟ್ಟುಕೊಂಡದ್ದು

ಚಿವಾವಾ, ಪೊಮೆರೇನಿಯನ್, ಯಾರ್ಕ್‌ಶೈರ್ ಟೆರಿಯರ್ (ಯಾರ್ಕಿ), ಮಾಲ್ಟೀಸ್, ಟಾಯ್ ಪೂಡಲ್. ಇವುಗಳ ಕಾಯಿಲೆಗಳನ್ನು ಸುಮ್ನೆ ಬಾಯಿಪಾಠ ಮಾಡಿದರೆ ತಲೆಯಲ್ಲಿ ನಿಲ್ಲುವುದಿಲ್ಲ. ಪ್ರತಿಯೊಂದಕ್ಕೂ ನಾನು ಒಂದೇ ಪ್ರಶ್ನೆ ಹಾಕಿಕೊಳ್ಳುತ್ತೇನೆ: ಮೈ ಚಿಕ್ಕದಾಗಿರುವುದಕ್ಕೂ ಇದಕ್ಕೂ ಏನು ಸಂಬಂಧ? ಆಗ ಬಹಳಷ್ಟು ತಾನಾಗಿಯೇ ಬಿಡಿಸಿಕೊಳ್ಳುತ್ತದೆ.

ಮರಿಗಳಲ್ಲಿ ಸಕ್ಕರೆ ಇಳಿಯುವುದು

ಇದನ್ನು ಮೊದಲು ಕಲಿಯಿರಿ, ಯಾಕೆಂದರೆ ಇಲ್ಲಿ ಸಮಯ ತೀರಾ ಕಡಿಮೆ. ದೇಹ ಸಕ್ಕರೆಯನ್ನು ಕೂಡಿಟ್ಟುಕೊಳ್ಳುವುದು ಯಕೃತ್ತು ಮತ್ತು ಸ್ನಾಯುಗಳಲ್ಲಿ. ಅಂಗೈಯಲ್ಲಿ ಹಿಡಿಸುವ ಮರಿಗೆ ಇವೆರಡೂ ಪುಟ್ಟವು. ಮೈ ಶಾಖ ಮಾತ್ರ ಬೇಗ ಸೋರಿಹೋಗುತ್ತದೆ. ಹಾಗಾಗಿ ಒಂದೆರಡು ಊಟ ತಪ್ಪಿದರೆ, ಭೇದಿಯಾದರೆ, ಚಳಿ ಹಿಡಿದರೆ ಸಾಕು, ರಕ್ತದ ಸಕ್ಕರೆ ಕುಸಿಯುತ್ತದೆ. ಡೆಸಿಲೀಟರ್‌ಗೆ 60 ಮಿಲಿಗ್ರಾಂಗಿಂತ ಕೆಳಗೆ ಹೋದರೆ ಕಡಿಮೆ ಎಂದೇ ಲೆಕ್ಕ.

ಮರಿ ಮೊದಲು ಮಂಕಾಗುತ್ತದೆ. ಕರೆದರೆ ತಲೆ ಎತ್ತುತ್ತದೆ, ಆದರೆ ಎದ್ದು ಬರುವುದಿಲ್ಲ. ನಡೆದರೆ ತೂರಾಡುತ್ತದೆ. ಆಮೇಲೆ ನಡುಕ, ಕೊನೆಗೆ ಫಿಟ್ಸ್. ಜೇನುತುಪ್ಪ ಅಥವಾ ಸಕ್ಕರೆ ನೀರನ್ನು ಬೆರಳಲ್ಲಿ ಅದ್ದಿ ಒಸಡಿಗೆ ಸವರಬೇಕು. ಮೈ ಬೆಚ್ಚಗಿಟ್ಟು ತಕ್ಷಣ ವೈದ್ಯರ ಬಳಿ ಒಯ್ಯಬೇಕು. ಎಚ್ಚರ ತಪ್ಪಿದ ಮರಿಯ ಬಾಯಿಗೆ ಏನನ್ನೂ ಸುರಿಯಲೇಬಾರದು, ಅದು ನೇರ ಶ್ವಾಸಕೋಶಕ್ಕೆ ಇಳಿಯಬಹುದು. ಇನ್ನೊಂದು ಮಾತು: ಸಕ್ಕರೆಯ ಬದಲಿಗೆ ಬಳಸುವ ಜೈಲಿಟಾಲ್ ಇರುವ ಸಿಹಿ ನಾಯಿಗೆ ವಿಷ, ಅದು ಸಕ್ಕರೆಯನ್ನು ಇನ್ನೂ ಕೆಳಗೆ ಇಳಿಸುತ್ತದೆ.

ಇದನ್ನು ತಡೆಯಲು ದಿನಕ್ಕೆ ನಾಲ್ಕು ಸಲ ಸ್ವಲ್ಪ ಸ್ವಲ್ಪ ತಿನ್ನಿಸುವುದು ಒಳ್ಳೆಯದು. ಸರಿಯಾಗಿ ತಿನ್ನಿಸಿದರೂ ಮತ್ತೆ ಮತ್ತೆ ಇಳಿಯುತ್ತಿದೆಯೇ? ಮರಿ ಬೆಳೆಯುತ್ತಲೂ ಇಲ್ಲವೇ? ಆಗ ಯಕೃತ್ತಿನ ಮೇಲೆ ಅನುಮಾನ ಬರಬೇಕು. ಯಾರ್ಕಿ, ಮಾಲ್ಟೀಸ್‌ಗಳಲ್ಲಿ ಹುಟ್ಟಿನಿಂದಲೇ ರಕ್ತ ಯಕೃತ್ತಿನೊಳಗೆ ಹೋಗದೆ ಬೇರೆ ದಾರಿ ಹಿಡಿಯುವುದುಂಟು.

ಮೊಣಕಾಲ ಚಿಪ್ಪು ಜಾರುವುದು

ನಾಯಿ ಓಡುತ್ತಾ ಇರುತ್ತದೆ. ಇದ್ದಕ್ಕಿದ್ದಂತೆ ಒಂದು ಹಿಂಗಾಲು ಎತ್ತಿ ಎರಡು ಮೂರು ಹೆಜ್ಜೆ ಕುಪ್ಪಳಿಸುತ್ತದೆ. ಕಾಲನ್ನು ಹಿಂದಕ್ಕೊಮ್ಮೆ ಝಾಡಿಸುತ್ತದೆ. ಆಮೇಲೆ ಏನೂ ಆಗೇ ಇಲ್ಲ ಅನ್ನುವಂತೆ ಓಡುತ್ತದೆ. ಎಷ್ಟೋ ಸಲ ಕೂಗುವುದೂ ಇಲ್ಲ. ಅದಕ್ಕೇ ಮನೆಯವರು ಆಟ ಅಂದುಕೊಳ್ಳುತ್ತಾರೆ.

ಚಿಪ್ಪು ತೊಡೆಯೆಲುಬಿನ ತುದಿಯ ತೋಡಿನಲ್ಲಿ ಮೇಲೆ ಕೆಳಗೆ ಜಾರಬೇಕು. ತೋಡು ಆಳವಿಲ್ಲದೆ, ಕಾಲಿನ ನೇರವೂ ತಪ್ಪಿದ್ದರೆ ಚಿಪ್ಪು ಪಕ್ಕಕ್ಕೆ ಹೊರಳುತ್ತದೆ. ಸಣ್ಣ ನಾಯಿಗಳಲ್ಲಿ ಹೆಚ್ಚಾಗಿ ಒಳಮಗ್ಗುಲಿಗೆ. ಇದರಲ್ಲಿ 4 ದರ್ಜೆ. ಕೈಯಿಂದ ತಳ್ಳಿದರಷ್ಟೇ ಜಾರಿ ಮರಳುವುದು 1. ತಾನಾಗಿ ಜಾರಿ, ತಾನಾಗಿಯೇ ಇಲ್ಲವೇ ಕೈಯಿಂದ ತಳ್ಳಿದರೆ ಮರಳುವುದು 2. ಹೆಚ್ಚು ಹೊತ್ತು ಹೊರಗೇ ಇದ್ದು, ತಳ್ಳಿದರೆ ಒಳಬರುವುದು 3. ತಳ್ಳಿದರೂ ಬಾರದ್ದು 4. ಮೊದಲ ದರ್ಜೆಗೆ ತೂಕ ಹತೋಟಿಯಲ್ಲಿಟ್ಟು ಗಮನಿಸುತ್ತಾರೆ, 3 ಮತ್ತು 4ಕ್ಕೆ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯ ಮಾತು ಬರುತ್ತದೆ.

ಆದರೆ ಎಳೆಯ ನಾಯಿಯ ಕುಂಟು ಹೋಗದೆ ದಿನದಿನಕ್ಕೆ ಜಾಸ್ತಿಯಾಗುತ್ತಿದ್ದರೆ, ತೊಡೆಯ ಸ್ನಾಯು ಸೊರಗುತ್ತಿದ್ದರೆ, ಮೊಣಕಾಲನ್ನು ಬಿಟ್ಟು ಸೊಂಟದ ಕೀಲು ನೋಡಿ. ತೊಡೆಯೆಲುಬಿನ ಗುಂಡು ತಲೆಗೆ ರಕ್ತ ಸಾಲದೆ ಎಲುಬು ಸಾಯುವ ಲೆಗ್-ಪರ್ತೀಸ್ ಕಾಯಿಲೆ ಇರಬಹುದು.

ಹೆಬ್ಬಾತಿನ ಕೂಗಿನಂಥ ಕೆಮ್ಮು

ಶ್ವಾಸನಾಳವನ್ನು ತೆರೆದಿಡುವುದು ಇಂಗ್ಲಿಷಿನ ಸಿ ಅಕ್ಷರದ ಆಕಾರದ ಮೃದ್ವಸ್ಥಿ ಬಳೆಗಳು. ಈ ಬಳೆಗಳು ಮೆತ್ತಗಾದರೆ ನಾಳ ಚಪ್ಪಟೆಯಾಗುತ್ತದೆ. ಯಾರ್ಕಿ, ಪೊಮೆರೇನಿಯನ್‌ಗಳಲ್ಲಿ ಹೆಚ್ಚು. ಖುಷಿಯಾದಾಗ, ಸೆಕೆಯಲ್ಲಿ, ಕೊರಳಪಟ್ಟಿ ಎಳೆದಾಗ ಒಣ ಕೆಮ್ಮು ಶುರುವಾಗುತ್ತದೆ. ಕೊರಳಪಟ್ಟಿ ಬಿಟ್ಟು ಎದೆಗೆ ಹಾಕುವ ಹಾರ್ನೆಸ್ ಬಳಸುವುದು, ಬೊಜ್ಜು ಇಳಿಸುವುದು: ಇವೆರಡರಿಂದಲೇ ಎಷ್ಟೋ ನಾಯಿಗಳು ಸುಧಾರಿಸುತ್ತವೆ. ನಾಲಿಗೆ ನೀಲಿಯಾದರೆ ಮಾತ್ರ ಒಂದು ಕ್ಷಣವೂ ಕಾಯಬಾರದು.

ಉಲ್ಟಾ ಸೀನನ್ನು ಇದರ ಜೊತೆ ಕಲೆಸಿಕೊಳ್ಳಬೇಡಿ. ಅದರಲ್ಲಿ ನಾಯಿ ಕತ್ತು ಚಾಚಿ ಮೂಗಿನಿಂದ ಗಾಳಿಯನ್ನು ಗೊರಗೊರ ಒಳಕ್ಕೆಳೆಯುತ್ತದೆ. ಸ್ವಲ್ಪ ಹೊತ್ತಿಗೆ ತಾನೇ ನಿಲ್ಲುತ್ತದೆ, ಸಾಮಾನ್ಯವಾಗಿ ಅಪಾಯವಿಲ್ಲ.

ಹಲ್ಲು

ದೊಡ್ಡ ಮಾಸ್ಟಿಫ್‌ಗೂ 42 ಹಲ್ಲು, ಚಿವಾವಾಗೂ 42! ಅಷ್ಟು ಪುಟ್ಟ ದವಡೆಯಲ್ಲಿ ಅವು ಒತ್ತಿಕೊಂಡು ನಿಲ್ಲದೆ ಇನ್ನೇನು ಮಾಡಾವು? ಹಾಲಿನ ಕೋರೆಹಲ್ಲು ಬೀಳದೆ ಹೊಸದರ ಪಕ್ಕದಲ್ಲೇ ಉಳಿದರೆ ಸಂದಿಯಲ್ಲಿ ಕೊಳೆ ಸೇರಿ ಒಸಡು ಹಾಳಾಗುತ್ತದೆ. ಆರೇಳು ತಿಂಗಳಿಗೆ ಬಾಯಿ ತೆರೆದು ನೋಡಿ. ಕೆಳದವಡೆ ತೆಳ್ಳಗಿರುವುದರಿಂದ ಒಸಡಿನ ಕಾಯಿಲೆ ಎಲುಬನ್ನು ತಿಂದರೆ ದವಡೆಯೇ ಮುರಿಯಬಹುದು. ಬ್ರಷ್ ಮಾಡಿ, ಆದರೆ ಮನುಷ್ಯರ ಪೇಸ್ಟ್ ಬೇಡ.

ಎಲುಬು, ಹೃದಯ

ಸೋಫಾದಿಂದ ಹಾರಿದರೂ ಮುಂಗಾಲು ಮುರಿಯಬಹುದು. ಮಣಿಕಟ್ಟಿನ ಹತ್ತಿರ ರಕ್ತ ಸಂಚಾರ ಕಡಿಮೆ, ಕೂಡಿಕೊಳ್ಳುವುದೂ ನಿಧಾನ. ವಯಸ್ಸಾದವುಗಳಲ್ಲಿ ಹೃದಯದ ಎಡಭಾಗದ ಮೈಟ್ರಲ್ ಕವಾಟ ದಪ್ಪಗಾಗಿ ಸೋರುತ್ತದೆ. ಕ್ಯಾವಲಿಯರ್ ಕಿಂಗ್ ಚಾರ್ಲ್ಸ್ ಸ್ಪ್ಯಾನಿಯಲ್‌ಗಳಲ್ಲಿ ಇದು ಬೇಗ ಬರುತ್ತದೆ. ವೈದ್ಯರು ಹೃದಯದಲ್ಲಿ ಮರ್ಮರ (ರಕ್ತ ಸೋರುವ ಶಬ್ದ) ಇದೆ ಎಂದಿದ್ದರೆ, ನಾಯಿ ಗಾಢ ನಿದ್ದೆಯಲ್ಲಿದ್ದಾಗ ಉಸಿರು ಎಣಿಸಿ. ಎದೆ ಏರಿ ಇಳಿದರೆ ಒಂದು. 30 ಸೆಕೆಂಡು ಎಣಿಸಿ ಎರಡರಿಂದ ಗುಣಿಸಿ. ದಿನವೂ ಬರೆದಿಡಿ. ಲೆಕ್ಕ ನಿಮಿಷಕ್ಕೆ 30 ದಾಟಿ ಹಾಗೇ ಉಳಿದರೆ ಅವತ್ತೇ ಫೋನ್ ಮಾಡಿ.