ಎಲ್ಲಾ ಎರಡೆರಡು ಕಾಣ್ತಿದೆ, ಕಣ್ಣು ಸರಿಯಿದೆ ಅಂತಾರೆ, ಮತ್ತೆ ತೊಂದ್ರೆ ಎಲ್ಲಿ?

ಪ್ರಶ್ನೆ: ನಮ್ಮ ತಂದೆಗೆ 15 ವರ್ಷದಿಂದ ಶುಗರ್ ಇದೆ. ಮೊನ್ನೆ ಬೆಳಗ್ಗೆ ಎದ್ದಾಗಿಂದ ಎಲ್ಲಾ ಎರಡೆರಡು ಕಾಣ್ತಿದೆ. ಕಣ್ಣಿನ ಡಾಕ್ಟರು ಕಣ್ಣು ಚೆನ್ನಾಗಿದೆ, ಆರನೇ ನರ ವೀಕ್ ಆಗಿದೆ ಅಂದ್ರು. ಏನದು ಆರನೇ ನರ?

ಉತ್ತರ: ಮೆದುಳಿಂದ ನೇರವಾಗಿ ಹೊರಡೋ ನರಗಳು 12 ಜೊತೆ, ಡಾಕ್ಟರುಗಳು ಅವನ್ನ ನಂಬರ್ ಹಾಕಿ ಕರೀತಾರೆ. ಅದ್ರಲ್ಲಿ 3, 4, 6 ಈ ಮೂರೂ ಕಣ್ಣುಗುಡ್ಡೆ ತಿರುಗ್ಸೋ ನರಗಳು. ಆರನೇದಕ್ಕೆ ಇರೋದು ಒಂದೇ ಕೆಲಸ, ಕಣ್ಣನ್ನ ಕಿವಿ ಕಡೆಗೆ ಎಳೆಯೋದು. ಅದು ಸೋತ್ರೆ ಕಣ್ಣು ಮೂಗಿನ ಕಡೆ ವಾಲುತ್ತೆ, ಎರಡೂ ಕಣ್ಣು ಒಂದೇ ಜಾಗ ನೋಡಲ್ಲ, ಅದಕ್ಕೇ ದೂರದ ಬಸ್ ಬೋರ್ಡು ಪಕ್ಕಪಕ್ಕದಲ್ಲಿ ಎರಡಾಗಿ ಕಾಣುತ್ತೆ, ಕೈಯಲ್ಲಿರೋ ಪೇಪರ್ ಅಷ್ಟು ಕಷ್ಟ ಆಗಲ್ಲ.

ಮನೇಲೇ ನೋಡಿ: ಟ್ಯೂಬ್‌ಲೈಟ್ ನೋಡೋಕೆ ಹೇಳಿ, ಅಂಗೈಯಿಂದ ಒಂದು ಕಣ್ಣು ಮುಚ್ಚಿ, ಆಮೇಲೆ ಇನ್ನೊಂದು. ಯಾವ್ದು ಮುಚ್ಚಿದ್ರೂ ಲೈಟ್ ಒಂದೇ ಆದ್ರೆ ಕಣ್ಣುಗಳ ಹೊಂದಾಣಿಕೆ ತಪ್ಪಿದೆ ಅಂತ. ಒಂದೇ ಕಣ್ಣಲ್ಲೂ ಎರಡು ಕಂಡ್ರೆ ಪೊರೆನೋ ಪವರ್ರೋ ಇರಬಹುದು, ಅದು ಬೇರೆ ವಿಷ್ಯ.

ನಾಲ್ಕನೇ ನರದ್ದು ನನಗೆ ತುಂಬಾ ಇಷ್ಟ. ಅದು ನಡೆಸೋ ಸ್ನಾಯುವಿನ ತುದಿ, ಬಾವಿ ರಾಟೆ ಮೇಲೆ ಹಗ್ಗ ಹಾಯ್ದ ಹಾಗೆ, ಮೂಗಿನ ಪಕ್ಕದ ಒಂದು ಪುಟ್ಟ ಬಳೆಯೊಳಗೆ ತೂರಿ ತಿರುಗಿ ಕಣ್ಣಿಗೆ ಅಂಟುತ್ತೆ. ಇದು ಕೆಟ್ರೆ ಮೆಟ್ಟಿಲು ಇಳಿಯುವಾಗ ಮೆಟ್ಟಿಲು ಒಂದರ ಮೇಲೊಂದು ಎರಡು ಕಾಣುತ್ತೆ, ತಲೆ ವಾಲಿಸ್ಕೊಂಡು ನಡೀತಾರೆ.

ಶುಗರ್ ಇದ್ದೋರಿಗೆ ನರಕ್ಕೆ ರಕ್ತ ಕೊಡೋ ಸಣ್ಣ ನಾಳ ಕಟ್ಕೊಳ್ಳುತ್ತೆ, ಹಾಗಾಗಿದ್ರೆ ಹೆಚ್ಚಿನವ್ರಿಗೆ ಸುಮಾರು 3 ತಿಂಗಳಲ್ಲಿ ತಾನೇ ಸರಿಹೋಗುತ್ತೆ, ಅಲ್ಲೀವರೆಗೆ ಒಂದು ಕಣ್ಣಿಗೆ ಪಟ್ಟಿ ಕಟ್ಟಿ, ಗಾಡಿ ಮಾತ್ರ ಬೇಡವೇ ಬೇಡ. ಆದ್ರೆ ಶುಗರ್ ಇದೆ ಅಂದ್ಮಾತ್ರಕ್ಕೆ ಅದೇ ಕಾರಣ ಅಂತ ನೀವೇ ತೀರ್ಮಾನ ಮಾಡ್ಬೇಡಿ, ತಲೆನೋವು ವಾಂತಿ ಇದ್ರೆ ಡಾಕ್ಟರಿಗೆ ಹೇಳ್ಲೇಬೇಕು, ತಲೆಯೊಳಗೆ ಒತ್ತಡ ಜಾಸ್ತಿಯಾದ್ರೂ ಆರನೇ ನರ ಸೋಲುತ್ತೆ.

ನಾನು ಹೆದರೋದು ಮೂರನೇ ನರಕ್ಕೆ. ರೆಪ್ಪೆ ಎತ್ತೋದು, ಪಾಪೆ ಚಿಕ್ಕದು ಮಾಡೋದು ಎಲ್ಲಾ ಅದೇ. ಪಾಪೆಗೆ ಹೋಗೋ ಎಳೆಗಳು ನರದ ಹೊರಮೈಯಲ್ಲಿರ್ತವೆ, ಶುಗರ್ ಸಾಮಾನ್ಯವಾಗಿ ಒಳಗಿನ ಎಳೆಗಳನ್ನ ಹಾಳುಮಾಡುತ್ತೆ, ಮೆದುಳಿನ ರಕ್ತನಾಳ ಬಲೂನ್ ಥರ ಊದ್ಕೊಂಡ್ರೆ ಹೊರಗಿಂದ ಒತ್ತುತ್ತೆ. ರೆಪ್ಪೆ ಜೋತುಬಿದ್ದು ಆ ಕಣ್ಣಿನ ಪಾಪೆ ಇನ್ನೊಂದಕ್ಕಿಂತ ದೊಡ್ಡದಾಗಿದ್ರೆ, ಜೊತೆಗೆ ತಲೆನೋವೂ ಇದ್ರೆ, ರಾತ್ರಿ 2 ಗಂಟೆ ಆಗಿದ್ರೂ ಸರಿ, ಸ್ಕ್ಯಾನ್ ಇರೋ ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗಿ.