ಶೇಕಡಾ 60 ಹೇಗೆ 71 ಆಗುತ್ತದೆ: ಸ್ಟಾರ್‌ಕ್ರಾಫ್ಟ್ ರೇಟಿಂಗ್ ಕುರಿತು ಒಂದು ಅಧ್ಯಯನ ಟಿಪ್ಪಣಿ

ಸಂಭವನೀಯತೆಯ ಪಾಠವನ್ನು ನಾಣ್ಯ, ದಾಳಗಳಿಂದ ಆರಂಭಿಸುವುದು ವಾಡಿಕೆ. ನನಗೆ ಅದು ಮನದಟ್ಟಾದದ್ದು ಸ್ಟಾರ್‌ಕ್ರಾಫ್ಟ್ 2 ಪಂದ್ಯಗಳಿಂದ. 2010ರ ಜುಲೈ 27ರಂದು ಬಿಡುಗಡೆಯಾದ ಈ ಕಂಪ್ಯೂಟರ್ ಯುದ್ಧತಂತ್ರದ ಆಟದಲ್ಲಿ ಇಬ್ಬರು ಎದುರುಬದುರಾಗಿ ಆಡುತ್ತಾರೆ. ತಂಡದಲ್ಲಿ ಯಾರು ಬಂದರು, ಯಾರು ಬಿಟ್ಟರು ಎಂಬ ತೊಡಕಿಲ್ಲ, ಡ್ರಾ ತೀರಾ ಅಪರೂಪ, ಫಲಿತಾಂಶಗಳೆಲ್ಲ ಬಹಿರಂಗ. ಅಲಿಗುಲಾಕ್ ಎಂಬ ಜಾಲತಾಣದಲ್ಲಿ ಆಸಕ್ತರು ವರ್ಷಗಳಿಂದ ಈ ಫಲಿತಾಂಶಗಳನ್ನು ಕೂಡಿಹಾಕಿ, ಎರಡು ವಾರಕ್ಕೊಮ್ಮೆ ಆಟಗಾರರ ರೇಟಿಂಗ್ (ಅವರ ಬಲವನ್ನು ತೋರುವ ಸಂಖ್ಯೆ) ಪರಿಷ್ಕರಿಸಿ, ಮುಂದಿನ ಪಂದ್ಯಗಳ ಮುನ್ನಂದಾಜನ್ನೂ ಕೊಡುತ್ತಾ ಬಂದಿದ್ದಾರೆ. ಅಂಕಿಅಂಶ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಪ್ರಯೋಗಶಾಲೆ ಸಿಗುವುದು ಕಷ್ಟ. ನಾನು ಓದುತ್ತಾ, ಲೆಕ್ಕ ಹಾಕುತ್ತಾ ಬರೆದುಕೊಂಡದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ. ಕ್ಯಾಲ್ಕ್ಯುಲೇಟರ್ ಪಕ್ಕದಲ್ಲಿಟ್ಟುಕೊಂಡು ಓದಿದರೆ ಹೆಚ್ಚು ಉಪಯೋಗ.

ಚೆಸ್‌ನಿಂದ ಬಂದ ಬೇರು

ಮಾತು ಚೆಸ್‌ನಿಂದಲೇ ಶುರುವಾಗಬೇಕು. ಹಂಗೇರಿಯಲ್ಲಿ ಹುಟ್ಟಿ ಅಮೆರಿಕದ ಮಿಲ್ವಾಕಿಯಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಆರ್ಪಾಡ್ ಎಲೋ ರೂಪಿಸಿದ ಪದ್ಧತಿಯನ್ನು ಅಮೆರಿಕದ ಚೆಸ್ ಸಂಸ್ಥೆ 1960ರಲ್ಲಿ, ವಿಶ್ವ ಚೆಸ್ ಸಂಸ್ಥೆಯಾದ ಫಿಡೆ 1970ರಲ್ಲಿ ಒಪ್ಪಿಕೊಂಡವು. ಅದರ ತಿರುಳು ಇಷ್ಟೇ: ಇಬ್ಬರ ರೇಟಿಂಗ್‌ಗಳ ವ್ಯತ್ಯಾಸ ಗೊತ್ತಾದರೆ ಯಾರು ಗೆಲ್ಲುವ ಸಂಭವ ಎಷ್ಟು ಎಂದು ಹೇಳಬಹುದು. ವ್ಯತ್ಯಾಸವನ್ನು 400ರಿಂದ ಭಾಗಿಸಿ, ಋಣ ಚಿಹ್ನೆ ಹಾಕಿ, 10ರ ಘಾತವಾಗಿಡಿ. ಬಂದದ್ದಕ್ಕೆ 1 ಕೂಡಿಸಿ, ಆ ಮೊತ್ತದಿಂದ 1ನ್ನು ಭಾಗಿಸಿ. 100 ಅಂಕಗಳ ಅಂತರಕ್ಕೆ 0.64, 200ಕ್ಕೆ 0.76, 400ಕ್ಕೆ 0.91 ಬರುತ್ತದೆ.

ಪಂದ್ಯ ಮುಗಿದ ಮೇಲೆ ನಡೆಯುವುದು ತಿದ್ದುಪಡಿ. 1600ರ ಆಟಗಾರ 1400ರವನನ್ನು ಸೋಲಿಸಿದರೆ ಅದು ನಿರೀಕ್ಷಿತವೇ. ಗರಿಷ್ಠ ಬದಲಾವಣೆ 20 ಅಂಕ ಎಂದಿಟ್ಟುಕೊಂಡರೆ ಅವನಿಗೆ ಸಿಗುವುದು 20 × (1 − 0.76), ಅಂದರೆ 4.8 ಅಂಕ ಮಾತ್ರ. ಸೋತರೆ ಕಳೆದುಕೊಳ್ಳುವುದು 15.2. ಗೆಲುವಿಗೆ ಕಡಿಮೆ, ಸೋಲಿಗೆ ಹೆಚ್ಚು ಏಕೆ ಎಂದು ಹೊಸಬರು ಕೇಳುತ್ತಾರೆ. ಅವನು ಶೇಕಡಾ 76ರಷ್ಟು ಬಾರಿ ಗೆಲ್ಲುತ್ತಲೇ ಹೋದರೆ ಕೂಡಿದ್ದು ಕಳೆದದ್ದು ಸರಿಹೋಗಿ ರೇಟಿಂಗ್ ಅಲ್ಲೇ ನಿಲ್ಲುತ್ತದೆ. ಪದ್ಧತಿ ಗಮನಿಸುವುದು ಗೆಲುವನ್ನಲ್ಲ, ನಿರೀಕ್ಷೆಗೂ ನಡೆದದ್ದಕ್ಕೂ ಇರುವ ಅಂತರವನ್ನು.

ಎಲೋ ತಮ್ಮ ಕೆಲಸವನ್ನು ಒಂದು ಹೋಲಿಕೆಯಲ್ಲಿ ವರ್ಣಿಸಿದ್ದರು: ನೀರಿನಲ್ಲಿ ಏಳುತ್ತಾ ಬೀಳುತ್ತಾ ತೇಲುವ ಬೆಂಡಿನ ಸ್ಥಾನವನ್ನು, ಗಾಳಿಗೆ ತೂಗಾಡುವ ಹಗ್ಗಕ್ಕೆ ಕಟ್ಟಿದ ಅಳತೆಗೋಲಿನಿಂದ ಅಳೆದಂತೆ. ರೇಟಿಂಗ್ ಪಟ್ಟಿ ನೋಡುವಾಗಲೆಲ್ಲ ನನಗೆ ಆ ಬೆಂಡು ನೆನಪಾಗುತ್ತದೆ.

ಎಷ್ಟು ಗೊತ್ತು ಎಂಬುದೂ ಒಂದು ಸಂಖ್ಯೆ

ಎಲೋ ಪದ್ಧತಿಯಲ್ಲಿ ಒಂದು ಕೊರತೆ ಇದೆ. ಸಾವಿರ ಗೇಮ್ ಆಡಿ 1700 ಗಳಿಸಿದವನೂ, ಹತ್ತೇ ಗೇಮ್ ಆಡಿ 1700ಕ್ಕೆ ಏರಿದವನೂ ಅದರ ಕಣ್ಣಿಗೆ ಒಂದೇ. ಮಾರ್ಕ್ ಗ್ಲಿಕ್‌ಮನ್ ಎಂಬ ಅಮೆರಿಕದ ಸಂಖ್ಯಾಶಾಸ್ತ್ರಜ್ಞ 1995ರಲ್ಲಿ ರೂಪಿಸಿದ ಗ್ಲಿಕೋ ಪದ್ಧತಿ ಪ್ರತಿ ಆಟಗಾರನಿಗೂ ಎರಡು ಸಂಖ್ಯೆ ಕೊಡುತ್ತದೆ: ಒಂದು ರೇಟಿಂಗ್, ಇನ್ನೊಂದು ಆ ರೇಟಿಂಗಿನ ಅನಿಶ್ಚಿತತೆ. ಹೊಸಬ 1500 ರೇಟಿಂಗ್, 350 ಅನಿಶ್ಚಿತತೆಯೊಂದಿಗೆ ಒಳಬರುತ್ತಾನೆ. ಆಡುತ್ತಾ ಹೋದಂತೆ ಎರಡನೆಯದು ಕುಗ್ಗುತ್ತದೆ, ಆಡದೆ ಕುಳಿತರೆ ಮತ್ತೆ ಹಿಗ್ಗುತ್ತದೆ.

ಈ ಹಿಗ್ಗುವಿಕೆಯ ಬೆಲೆ ತಿಳಿಯಬೇಕಾದರೆ ದಕ್ಷಿಣ ಕೊರಿಯಾದ ಆಟಗಾರರನ್ನು ನೋಡಬೇಕು. ಅಲ್ಲಿನ ಯುವಕರಿಗೆ ಸೇನಾ ಸೇವೆ ಕಡ್ಡಾಯ. ಉತ್ತುಂಗದಲ್ಲಿದ್ದವನೂ ಒಂದೂವರೆ ವರ್ಷ ಕೀಬೋರ್ಡ್ ಬಿಟ್ಟು ಹೋಗಿ ಬರಬೇಕು. ಅಷ್ಟರಲ್ಲಿ ಆಟದ ಸಮತೋಲನವನ್ನು ಕಂಪನಿ ತಿದ್ದಿರುತ್ತದೆ, ಆಡುವ ರಣಭೂಮಿಯ ನಕ್ಷೆಗಳು ಬದಲಾಗಿರುತ್ತವೆ, ಎದುರಾಳಿಗಳು ಹೊಸ ತಂತ್ರ ಕಲಿತಿರುತ್ತಾರೆ. ಹಳೆಯ ರೇಟಿಂಗನ್ನು ಹಾಗೆಯೇ ನಂಬುವುದೂ ತಪ್ಪು, ಅಳಿಸಿಹಾಕುವುದೂ ತಪ್ಪು. ಸಂಖ್ಯೆಯನ್ನು ಉಳಿಸಿಕೊಂಡು ಅದರ ಸುತ್ತಲಿನ ಮಬ್ಬನ್ನು ಹೆಚ್ಚಿಸುವುದೇ ಸರಿಯಾದ ದಾರಿ.

ಮಬ್ಬು ಹೆಚ್ಚಾದರೆ ಮುನ್ನಂದಾಜು ನಡುವಿಗೆ, ಅಂದರೆ 50ರ ಕಡೆಗೆ ಸರಿಯುತ್ತದೆ. ರೇಟಿಂಗ್ ಅಂತರ 200 ಇದ್ದು ಇಬ್ಬರೂ ಚೆನ್ನಾಗಿ ಅಳೆಯಲ್ಪಟ್ಟವರಾದರೆ ಮೇಲಿನವನಿಗೆ ಶೇಕಡಾ 76. ಇಬ್ಬರಲ್ಲಿ ಒಬ್ಬನ ಅನಿಶ್ಚಿತತೆ 300 ಆಗಿದ್ದರೆ ಗ್ಲಿಕೋ ಸೂತ್ರ ಆ 200 ಅಂತರವನ್ನು 0.724ರಿಂದ ಗುಣಿಸಿ ಕುಗ್ಗಿಸುತ್ತದೆ, ಸಂಭವ 70ಕ್ಕೆ ಇಳಿಯುತ್ತದೆ. ತಿಳಿಯದಿರುವುದನ್ನು ಲೆಕ್ಕದೊಳಗೇ ಸೇರಿಸಿಕೊಳ್ಳುವ ಈ ಪ್ರಾಮಾಣಿಕತೆ ನನಗೆ ಇಡೀ ವಿಷಯದಲ್ಲಿ ಅತಿ ಪ್ರಿಯವಾದ ಭಾಗ.

ತಂಡದ ಆಟಗಳಿಗೆ ಮೈಕ್ರೋಸಾಫ್ಟ್ ರಿಸರ್ಚ್‌ನ ಕೇಂಬ್ರಿಡ್ಜ್ ಕೇಂದ್ರದವರು ಟ್ರೂಸ್ಕಿಲ್ ಎಂಬ ಪದ್ಧತಿ ಮಾಡಿದರು. ಅಲ್ಲಿ ಹೊಸಬನ ಸರಾಸರಿ 25, ಅನಿಶ್ಚಿತತೆ 25ರ ಮೂರನೆಯ ಒಂದು ಭಾಗ. ಪಟ್ಟಿಯಲ್ಲಿ ತೋರಿಸುವುದು ಸರಾಸರಿಯಿಂದ ಅನಿಶ್ಚಿತತೆಯ ಮೂರರಷ್ಟನ್ನು ಕಳೆದ ಸಂಖ್ಯೆ, ಹಾಗಾಗಿ ಹೊಸಬ ಸೊನ್ನೆಯಿಂದ ಆರಂಭಿಸುತ್ತಾನೆ. ಇಲ್ಲಿ ಇಷ್ಟು ಸಾಕು.

ಒಬ್ಬನಿಗೆ ನಾಲ್ಕು ಮುಖ

ಸ್ಟಾರ್‌ಕ್ರಾಫ್ಟ್‌ನಲ್ಲಿ ಟೆರಾನ್, ಜರ್ಗ್, ಪ್ರೋಟಾಸ್ ಎಂಬ ಮೂರು ಕುಲಗಳಿವೆ, ಮೂರೂ ಬೇರೆ ಬೇರೆ ರೀತಿಯಲ್ಲಿ ಆಡುತ್ತವೆ. ಜರ್ಗ್ ವಿರುದ್ಧ ಹುಲಿಯಾದವನು ಪ್ರೋಟಾಸ್ ವಿರುದ್ಧ ತಡವರಿಸಬಹುದು. ಅದಕ್ಕೇ ಅಲಿಗುಲಾಕ್ ಒಟ್ಟಾರೆ ರೇಟಿಂಗ್ ಜೊತೆಗೆ ಮೂರೂ ಕುಲಗಳ ವಿರುದ್ಧ ಬೇರೆ ಬೇರೆ ರೇಟಿಂಗ್ ಇಡುತ್ತದೆ. ಇದರ ಪರಿಣಾಮ ಸಣ್ಣದಲ್ಲ. ನಾಕೌಟ್ ಪಟ್ಟಿಯ ಯಾವ ಬದಿಯಲ್ಲಿ ಯಾವ ಕುಲದವರು ಬಿದ್ದಿದ್ದಾರೆ ಎಂಬುದರ ಮೇಲೆ ಒಬ್ಬನ ಪ್ರಶಸ್ತಿಯ ಸಂಭವವೇ ಬದಲಾಗುತ್ತದೆ. ಒಂದೇ ಸಂಖ್ಯೆಯ ಪಟ್ಟಿಯಲ್ಲಿ ಈ ವಿವರ ಕಾಣುವುದಿಲ್ಲ.

ಎರಡು ಕೆರೆಗಳ ಸಮಸ್ಯೆ

ರೇಟಿಂಗಿನ ಸಂಖ್ಯೆಗೆ ಸ್ವಂತ ಅರ್ಥವಿಲ್ಲ, ಅದು ಎದುರಾಳಿಗಳಿಂದ ಅರ್ಥ ಪಡೆಯುತ್ತದೆ. ಎರಡು ಗುಂಪುಗಳು ತಮ್ಮತಮ್ಮೊಳಗೇ ಆಡಿಕೊಂಡರೆ ಎರಡು ಕೆರೆಗಳ ನೀರಿನ ಮಟ್ಟವನ್ನು ಬೇರೆ ಬೇರೆ ಕೋಲಿನಿಂದ ಅಳೆದಂತಾಗುತ್ತದೆ. ನಡುವೆ ಕಾಲುವೆ ತೋಡಿದಾಗಷ್ಟೇ ಯಾವುದು ಎತ್ತರ ಎಂದು ತಿಳಿಯುತ್ತದೆ.

2016ರಿಂದ ವಿಶ್ವ ಚಾಂಪಿಯನ್‌ಷಿಪ್ ಸರಣಿಯಲ್ಲಿ ಕೊರಿಯಾಕ್ಕೆ ಒಂದು ದಾರಿ, ಉಳಿದ ಜಗತ್ತಿಗೆ ಇನ್ನೊಂದು ದಾರಿ ಎಂದಾಯಿತು. ಎರಡೂ ಕಡೆಯಿಂದ ಎಂಟೆಂಟು ಮಂದಿ ವರ್ಷದ ಕೊನೆಯಲ್ಲಿ ಸೇರುತ್ತಿದ್ದರು. 2018ರಲ್ಲಿ ಫಿನ್‌ಲೆಂಡಿನ ಜರ್ಗ್ ಆಟಗಾರ ಯೋನಾ ಸೊಟಾಲ, ಆಟದ ಹೆಸರಿನಲ್ಲಿ ಸೆರಾಲ್, ಕೊರಿಯಾ ಹೊರಗಿನ ಸರಣಿಯ ನಾಲ್ಕೂ ಟೂರ್ನಿಗಳನ್ನು ಗೆದ್ದ: ಲೈಪ್ಸಿಗ್, ಆಸ್ಟಿನ್, ವೆಲೆನ್ಸಿಯಾ, ಮಾಂಟ್ರಿಯಲ್. ಆದರೂ ಅನುಮಾನ ಉಳಿದಿತ್ತು. ಅದುವರೆಗೆ ಕೊರಿಯಾ ಹೊರಗಿನ ಯಾರೂ ವರ್ಷಾಂತ್ಯದ ಫೈನಲ್ ಗೆದ್ದಿರಲಿಲ್ಲ. ಇವನ ಸಂಖ್ಯೆ ಸಣ್ಣ ಕೆರೆಯ ಸಂಖ್ಯೆಯಲ್ಲವೇ ಎಂಬ ಪ್ರಶ್ನೆ ಸಂಖ್ಯಾಶಾಸ್ತ್ರದ ದೃಷ್ಟಿಯಿಂದ ನ್ಯಾಯವಾದದ್ದೇ, ಏಕೆಂದರೆ ಎರಡು ಗುಂಪುಗಳನ್ನು ಬೆಸೆಯುವ ಪಂದ್ಯಗಳು ಕಡಿಮೆ ಇದ್ದವು.

ಉತ್ತರ ಬಂದದ್ದು ಕಾಲುವೆಯಿಂದಲೇ. ಆ ಆಗಸ್ಟಿನಲ್ಲಿ ಸೋಲ್‌ನಲ್ಲಿ ನಡೆದ ಕೊರಿಯಾ ಮತ್ತು ವಿಶ್ವ ಆಟಗಾರರ ಟೂರ್ನಿಯ ಫೈನಲ್‌ನಲ್ಲಿ ಅವನು ಕಿಮ್ ದೇ-ಯೋಬ್ (ಸ್ಟ್ಯಾಟ್ಸ್) ವಿರುದ್ಧ 4-3ರಿಂದ ಗೆದ್ದ. ನವೆಂಬರ್ 3ರಂದು ಅಮೆರಿಕದ ಅನಾಹೈಮ್‌ನಲ್ಲಿ ಅದೇ ಸ್ಟ್ಯಾಟ್ಸ್ ವಿರುದ್ಧ 4-2ರಿಂದ ಗೆದ್ದು ವಿಶ್ವ ಚಾಂಪಿಯನ್ ಆದ. ಇಂತಹ ಬೆರಳೆಣಿಕೆಯ ಸರಣಿಗಳು ಒಬ್ಬನ ರೇಟಿಂಗನ್ನಷ್ಟೇ ತಿದ್ದುವುದಿಲ್ಲ. ಸೆರಾಲ್ ಜೊತೆ ಆಡಿದ ಯುರೋಪಿನವರು, ಅವರ ಜೊತೆ ಆಡಿದವರು, ಹೀಗೆ ಇಡೀ ಗುಂಪಿನ ಮಟ್ಟದ ಬಗ್ಗೆ ಹೊಸ ಮಾಹಿತಿ ಹರಿದು ಬರುತ್ತದೆ. ಯಾವ ಆಟದ ವಿಶ್ವ ರ್‍ಯಾಂಕಿಂಗ್ ಕಂಡರೂ ನಾನು ಮೊದಲು ಕೇಳುವ ಪ್ರಶ್ನೆ ಇದು: ಈ ಪ್ರದೇಶಗಳ ನಡುವೆ ಎಷ್ಟು ಪಂದ್ಯ ನಡೆದಿವೆ?

ಒಂದು ಗೇಮ್‌ನಿಂದ ಸರಣಿಗೆ

ಇನ್ನು ಶೀರ್ಷಿಕೆಯ ಲೆಕ್ಕ. ಒಂದು ಗೇಮ್ ಗೆಲ್ಲುವ ಸಂಭವ 0.6 ಎಂದಿರಲಿ. ಮೂರರಲ್ಲಿ ಎರಡು ಗೆಲ್ಲಬೇಕಾದ ಸರಣಿಯಲ್ಲಿ ಅದು 0.648 ಆಗುತ್ತದೆ, ಐದರಲ್ಲಿ ಮೂರಕ್ಕೆ 0.683, ಏಳರಲ್ಲಿ ನಾಲ್ಕಕ್ಕೆ 0.710. ಸರಣಿ ಉದ್ದವಾದಷ್ಟೂ ಅದೃಷ್ಟದ ಪಾಲು ಕರಗುತ್ತದೆ, ಆದರೆ ಬಹಳ ನಿಧಾನವಾಗಿ.

ಏಳರ ಸರಣಿಯನ್ನು ಬಿಡಿಸಿ ನೋಡೋಣ. 4-0 ಆಗಲು ನಾಲ್ಕೂ ಗೆಲ್ಲಬೇಕು: 0.6ರ ನಾಲ್ಕನೆಯ ಘಾತ, 0.130. 4-1ರಲ್ಲಿ ಆ ಒಂದು ಸೋಲು ಮೊದಲ ನಾಲ್ಕು ಗೇಮ್‌ಗಳಲ್ಲಿ ಎಲ್ಲಿ ಬೇಕಾದರೂ ಬರಬಹುದು, ಕೊನೆಯದು ಮಾತ್ರ ಗೆಲುವೇ ಆಗಿರಬೇಕು. ಹಾಗಾಗಿ 4 × 0.4 × 0.130, ಅಂದರೆ 0.207. 4-2ಕ್ಕೆ ಹತ್ತು ದಾರಿಗಳು, ಅದೂ 0.207. 4-3ಕ್ಕೆ ಇಪ್ಪತ್ತು ದಾರಿಗಳು, 0.166. ಕೂಡಿದರೆ 0.710. ಅತಿ ಹೆಚ್ಚು ಸಂಭವವಿರುವ ಫಲಿತಾಂಶವೂ ಐದರಲ್ಲಿ ಒಂದು ಬಾರಿ ಮಾತ್ರ ಬರುತ್ತದೆ ಎಂಬುದನ್ನು ಗಮನಿಸಿ. 4-2 ಆಗುತ್ತದೆ ಎಂದು ಬರೆದವನು ಹೆಚ್ಚಿನ ಬಾರಿ ತಪ್ಪುತ್ತಾನೆ, ಅವನ ಲೆಕ್ಕ ಸರಿಯಾಗಿದ್ದರೂ.

ಟೂರ್ನಿಗೆ ಬಂದರೆ ಇನ್ನೂ ಕಠಿಣ. ಪ್ರತಿ ಸುತ್ತಿನಲ್ಲೂ ಶೇಕಡಾ 71 ಸಂಭವವಿರುವ ಆಟಗಾರ ನಾಲ್ಕು ಸುತ್ತು ದಾಟಬೇಕಾದರೆ 0.71ನ್ನು ನಾಲ್ಕು ಬಾರಿ ಗುಣಿಸಬೇಕು: 0.25. ನೆಚ್ಚಿನ ಆಟಗಾರ ನಾಲ್ಕು ಟೂರ್ನಿಗಳಲ್ಲಿ ಮೂರನ್ನು ಸೋಲುವುದು ಸಹಜ ಸಂಗತಿ.

ಈ ಲೆಕ್ಕದ ಹಿಂದೆ ಒಂದು ಊಹೆ ಅಡಗಿದೆ: ಪ್ರತಿ ಗೇಮ್ ಸ್ವತಂತ್ರ ಎಂಬುದು. ವಾಸ್ತವದಲ್ಲಿ ನಕ್ಷೆ ಬದಲಾಗುತ್ತದೆ, ಬಚ್ಚಿಟ್ಟ ತಂತ್ರ ಒಮ್ಮೆ ಬಳಸಿದರೆ ಮುಗಿಯಿತು, ಸೋತವನ ಮನಸ್ಸು ಕುಸಿಯಬಹುದು. ಊಹೆಯನ್ನು ಬಿಡಬೇಕೆಂದಲ್ಲ, ಅದು ಅಲ್ಲಿದೆ ಎಂಬುದು ನೆನಪಿರಬೇಕು.

ಒಲಿವೇರಾ ಗೆದ್ದ ದಿನ

2023ರ ಫೆಬ್ರವರಿಯಲ್ಲಿ ಪೋಲೆಂಡಿನ ಕಾಟೊವಿತ್ಸೆಯಲ್ಲಿ ಚೀನಾದ ಲಿ ಪೇಯ್‌ನಾನ್, ಆಟದ ಹೆಸರಿನಲ್ಲಿ ಒಲಿವೇರಾ, ಕೊರಿಯಾದ ದಿಗ್ಗಜ ಆಟಗಾರ ಮರು ವಿರುದ್ಧ ಒಂದು ವಿಶ್ವ ಮಟ್ಟದ ಸ್ಟಾರ್‌ಕ್ರಾಫ್ಟ್ 2 ಟೂರ್ನಿಯ ಫೈನಲ್‌ನಲ್ಲಿ 4-1ರಿಂದ ಗೆದ್ದ. ಪ್ರಶಸ್ತಿಗೆ ಅವನ ಹೆಸರನ್ನು ಎಣಿಸಿದವರೇ ಅಪರೂಪ. ಇಂತಹ ದಿನಗಳಲ್ಲಿ ಲೆಕ್ಕಾಚಾರವೇ ಸುಳ್ಳು ಎಂದು ಜನ ಹೇಳುತ್ತಾರೆ. ನಾನು ಆ ಮಾತನ್ನು ಗಂಭೀರವಾಗಿ ತೆಗೆದುಕೊಂಡು ಒಂದು ಲೆಕ್ಕ ಹಾಕಿದೆ. ಇಲ್ಲಿನ ಸಂಖ್ಯೆಗಳು ಉದಾಹರಣೆಗಾಗಿ ನಾನೇ ಇಟ್ಟುಕೊಂಡವು.

ದುರ್ಬಲ ಎನಿಸಿದ ಆಟಗಾರನಿಗೆ ಗೇಮ್ ಒಂದಕ್ಕೆ 0.3 ಸಂಭವ ಕೊಡೋಣ. ಏಳರ ಸರಣಿ ಗೆಲ್ಲುವ ಸಂಭವ 0.126. ಈಗ 0.3 ಎಂಬುದೇ ನಮಗೆ ಖಚಿತವಿಲ್ಲ ಎನ್ನೋಣ: ಅದು 0.2 ಇರಬಹುದು, 0.4 ಇರಬಹುದು, ಎರಡಕ್ಕೂ ಸಮಾನ ಸಾಧ್ಯತೆ. 0.2 ಆದರೆ ಸರಣಿ ಗೆಲ್ಲುವ ಸಂಭವ 0.033, 0.4 ಆದರೆ 0.290. ಸರಾಸರಿ 0.162. ಗೇಮ್‌ನ ಸರಾಸರಿ ಸಂಭವ ಬದಲಾಗದೆ 0.3ರಲ್ಲೇ ಉಳಿದರೂ ಸರಣಿಯ ಸಂಭವ 12.6ರಿಂದ 16.2ಕ್ಕೆ ಏರಿತು. ನಮ್ಮ ಅರಿವಿನ ಮಬ್ಬು ದುರ್ಬಲನ ಪಾಲಿಗೆ ವರವಾಗುತ್ತದೆ. ಇದನ್ನು ಮೊದಲ ಬಾರಿ ಕೈಯಾರೆ ಕಂಡುಕೊಂಡ ರಾತ್ರಿ ನಾನು ಮೂರು ಸಲ ಮರುಲೆಕ್ಕ ಮಾಡಿದ್ದೆ. ಗ್ಲಿಕ್‌ಮನ್ ಅವರ ಎರಡನೆಯ ಸಂಖ್ಯೆ ಏಕೆ ಬೇಕು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉತ್ತರ ನನಗೆ ಸಿಕ್ಕಿಲ್ಲ.

ಲೆಕ್ಕಕ್ಕೆ ಎಟುಕದ ಒಂದು ಸಂಗತಿಯೂ ಇದೆ. 2010ರಲ್ಲಿ ಕೊರಿಯಾದಲ್ಲಿ ಹಳೆಯ ಸ್ಟಾರ್‌ಕ್ರಾಫ್ಟ್‌ನ ವೃತ್ತಿಪರರು ಬಾಜಿದಾರರಿಗಾಗಿ ಬೇಕೆಂದೇ ಸೋತದ್ದು ಬಯಲಾಯಿತು. ಮಾರಿಕೊಂಡ ಪಂದ್ಯವನ್ನೂ ರೇಟಿಂಗ್ ಪದ್ಧತಿ ನಿಜವಾದ ಸೋಲೆಂದೇ ಓದುತ್ತದೆ. ಮುನ್ನಂದಾಜಿನ ಗಣಿತವನ್ನು ಹಣ ಹೂಡಲು ಬಳಸುವುದನ್ನು ನಾನು ಒಪ್ಪುವುದಿಲ್ಲ. ನಮ್ಮ ದೇಶದ 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆಯೂ ಇ-ಸ್ಪೋರ್ಟ್ಸ್ ಮತ್ತು ಹಣದಾಟದ ನಡುವೆ ಗೆರೆ ಎಳೆದಿದೆ.

ಮುನ್ನಂದಾಜಿಗೆ ಅಂಕ ಕೊಡುವುದು

ಅಮೆರಿಕದ ಹವಾಮಾನ ತಜ್ಞ ಗ್ಲೆನ್ ಬ್ರಯರ್ 1950ರಲ್ಲಿ ಮಳೆಯಂತಹ ಮುನ್ಸೂಚನೆಗಳನ್ನು ಅಳೆಯಲು ಒಂದು ಸರಳ ಅಂಕ ಸೂಚಿಸಿದರು. ನೀವು ಹೇಳಿದ ಸಂಭವಕ್ಕೂ ನಡೆದದ್ದಕ್ಕೂ (ಗೆದ್ದರೆ 1, ಸೋತರೆ 0) ಇರುವ ವ್ಯತ್ಯಾಸದ ವರ್ಗ ತೆಗೆದುಕೊಂಡು, ಎಲ್ಲ ಪಂದ್ಯಗಳ ಮೇಲೆ ಸರಾಸರಿ ಮಾಡಿ. ಕಡಿಮೆ ಬಂದಷ್ಟೂ ಒಳ್ಳೆಯದು. 0.7 ಎಂದು ಹೇಳಿ ಗೆದ್ದರೆ 0.09, ಸೋತರೆ 0.49. ಏನೂ ತಿಳಿಯದೆ ಪ್ರತಿ ಬಾರಿ 0.5 ಎನ್ನುವವನಿಗೆ 0.25.

ನಾನು ನೋಟ್‌ಬುಕ್ಕಿನಲ್ಲಿ ಮುನ್ನಂದಾಜು ಬರೆಯಲು ಆರಂಭಿಸಿದಾಗ ಮೆಚ್ಚಿನ ಆಟಗಾರರಿಗೆ ಸಲೀಸಾಗಿ 0.95 ಕೊಡುತ್ತಿದ್ದೆ. ನಿಜವಾದ ಸಂಭವ 0.7 ಇದ್ದಾಗ 0.7 ಎಂದೇ ಬರೆದರೆ ನಿರೀಕ್ಷಿತ ಅಂಕ 0.21. ಅದೇ ಪಂದ್ಯಗಳಿಗೆ 0.95 ಎಂದು ಬರೆದರೆ 0.7 × 0.0025 + 0.3 × 0.9025, ಅಂದರೆ 0.2725. ಗೆಲ್ಲುವವರನ್ನು ಸರಿಯಾಗಿಯೇ ಗುರುತಿಸಿದ್ದರೂ ನನ್ನ ಅಂಕ ಏನೂ ತಿಳಿಯದವನ 0.25ಕ್ಕಿಂತ ಕೆಟ್ಟದಾಗುತ್ತದೆ. ಈಗ 0.7 ಎಂದು ಬರೆದ ಪಂದ್ಯಗಳನ್ನೆಲ್ಲ ಒಂದು ಪುಟಕ್ಕೆ ಎತ್ತಿ ಬರೆಯುತ್ತೇನೆ. ಅವುಗಳಲ್ಲಿ ಹತ್ತಕ್ಕೆ ಸುಮಾರು ಮೂರು ಸೋಲು ಕಾಣದಿದ್ದರೆ ಹಿಂದಕ್ಕೆ ಹೋಗಿ, ಯಾವ ಕುಲದ ಎದುರು, ಯಾವ ನಕ್ಷೆಯಲ್ಲಿ, ಯಾರ ಬಿಡುವಿನ ನಂತರ ನನ್ನ ಅಂದಾಜು ಜಾರಿತು ಎಂದು ಹುಡುಕುತ್ತೇನೆ.